ಫೀಸು ಕೇಳದ ಕೆಲಸ

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿಯ ಕಾಲಿಗೆ ಪ್ಲಾಸ್ಟರ್ ಇತ್ತು. ಅಕ್ಕ ಟೈಲರ್; ಅಂಗಡಿಯಿಂದ ಓಡಿಬಂದಿದ್ದಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

“ಇವತ್ತೂ ದುಡ್ಡು ಕೇಳಿದ್ರಾ?” ಅಕ್ಕ ಕೇಳಿದಳು.

“ಹೂಂ. ಮನೇಲೇ ಕೂತು ಟೈಪ್ ಮಾಡೋ ಕೆಲಸ, ಆದ್ರೆ ಮೊದಲು ರಿಜಿಸ್ಟ್ರೇಷನ್ ಫೀಸು ಕಟ್ಟಬೇಕಂತೆ.”

“ಅವರ ಮುಖಕ್ಕಿಷ್ಟು! ಬಟ್ಟೆ ಹೊಲಿಯೋಕೆ ಕೊಟ್ಟೋರಿಗೆ ನಾನೇ ದುಡ್ಡು ಕೊಡ್ತೀನೇನೇ?”

“ಕಟ್ಟಲಿಲ್ಲ ಕಣೆ. ಎರಡು ಸಲ ಕಟ್ಟಿ ಬುದ್ಧಿ ಬಂದಿದೆ.”

“ನೆಟ್ಟಗಿರೋರು ಒಬ್ಬರೂ ಸಿಗಲಿಲ್ವಾ?”

ತಂಗಿ ಊರುಗೋಲಿನ ರಬ್ಬರು ಕೀಳುತ್ತ ಕೂತಳು.

“ಸೋಮವಾರ ಒಬ್ಬರು ಫೋನ್ ಮಾಡಿದ್ರು. ಪುಸ್ತಕ ಅಚ್ಚು ಹಾಕೋರು. ಆಫೀಸಿನ ವಿಳಾಸ ಕೊಟ್ಟು, ಯಾರನ್ನಾದ್ರೂ ಕಳಿಸಿ ವಿಚಾರಿಸಿ ಅಂದ್ರು.”

“ಫೀಸು?”

“ನಾನೇ ಕೇಳ್ದೆ. ಏನೂ ಬೇಡಮ್ಮ, ತಿಂಗಳ ಕೊನೆಗೆ ನಾವೇ ಕೊಡ್ತೀವಿ ಅಂದ್ರು.”

“ಆಮೇಲೆ?”

“ಫೀಸೂ ಬೇಡ ಅಂತಾರೆ, ಇವರು ಇನ್ನೂ ದೊಡ್ಡ ಕಳ್ಳರೇ ಇರಬೇಕು ಅಂತ ನಂಬರ್ ಬ್ಲಾಕ್ ಮಾಡ್ದೆ.”

ಅಕ್ಕ ಹಣೆ ಚಚ್ಚಿಕೊಂಡಳು. “ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ನಿನಗೆ ಪೂಜಾರೀನೂ ನೀನೇ! ತೆಗಿ ಫೋನು, ಈಗಲೇ ಮಾಡು.”

“ನಿನ್ನೆ ಮಾಡ್ದೆ.”

“ಏನಂದ್ರು?”

ಅಷ್ಟರಲ್ಲಿ ನರ್ಸ್ ಕರೆದಳು. ಅಕ್ಕ ಎದ್ದು ಹೆಗಲು ಕೊಟ್ಟಳು. ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲವರೆಗೆ ಹೋದಮೇಲೆ ತಂಗಿ ಹೇಳಿದ್ದು ನನಗೂ ಕೇಳಿಸಿತು.

“ಎರಡು ದಿನ ನಿಮಗೇ ಫೋನ್ ಮಾಡ್ತಿದ್ವಿ, ಲೈನ್ ಸಿಗಲೇ ಇಲ್ಲಮ್ಮ, ಬೇರೆಯವರಿಗೆ ಕೊಟ್ಬಿಟ್ವಿ ಅಂದ್ರು.”