ತಿರುಗಿಸಿ ಹಾಕಿದ ವೈರು

ನಂಬದಿದ್ದರೆ ಬಿಡಿ… ನಡುವೆ ನಗಬೇಡಿ, ಅಷ್ಟೆ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು.

ಕಾರುಗಳ ವೈರಿಂಗ್ ಅವನ ಕಸುಬು. ಅವತ್ತು ರಾತ್ರಿ ಅಕ್ಕನ ಮನೆಯಿಂದ ಹೊರಟವನು ದಾರಿಯಲ್ಲಿರುವ ಬಾವಿಯ ಹತ್ತಿರ ಬಂದು ಗಕ್ಕನೆ ನಿಂತ. ಏನೋ ತಪ್ಪಾಗಿದೆ… ಏನು?

ಅವನ ಭಾವ ಹಳೇ ಕಾಲದ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು. ಊಟವಾದ ಮೇಲೆ ಶೆಡ್ಡಿಗೆ ಹೋಗಿ ಅದರಲ್ಲಿ ಸುಮ್ಮನೆ ಕೂರುವುದು ಅವರ ಚಟ. ಕಾರು ಬಂದಾಗಿನಿಂದ ಮನುಷ್ಯ ಸೊರಗಿ ಕಡ್ಡಿಯಾಗಿದ್ದರು. "ನನ್ನ ಸವತಿ ಅದು," ಎಂದು ಅಕ್ಕ ನಗುತ್ತಿದ್ದಳು. ಒಳಗೊಳಗೇ ಹೆದರಿದ್ದಳು.

ಅವತ್ತು ಸಂಜೆ ಇವನು ಡ್ಯಾಶ್‌ಬೋರ್ಡಿಗೆ ಆಂಪ್ ಮೀಟರು, ವೋಲ್ಟ್ ಮೀಟರು ಎರಡನ್ನೂ ಕೂರಿಸಿದ್ದ. ಬ್ಯಾಟರಿಯಿಂದ ಕರೆಂಟು ಖರ್ಚಾದರೆ ಆಂಪ್ ಮೀಟರಿನ ಮುಳ್ಳು ಎಡಕ್ಕೆ, ಬ್ಯಾಟರಿಗೆ ಚಾರ್ಜು ಬಂದರೆ ಬಲಕ್ಕೆ. ಭಾವ ಸೀಟಿನಲ್ಲಿ ಕೂತರು. ಎಂಜಿನ್ ಆಫ್. ಮುಳ್ಳು ಬಲಕ್ಕೆ ಹೋಯಿತು!

"ಥತ್, ವೈರು ಉಲ್ಟಾ ಕೊಟ್ಬಿಟ್ಟೆ," ಎಂದು ಇವನು ತಿರುಗಿಸಿ ಹಾಕಿದ. ಮುಳ್ಳು ಎಡಕ್ಕೆ ವಾಲಿತು. "ಎಲ್ಲೋ ಸ್ವಲ್ಪ ಲೀಕ್ ಇದೆ ಭಾವ, ಬೆಳಿಗ್ಗೆ ನೋಡ್ತೀನಿ," ಎಂದು ಹೊರಟ. ಭಾವ ಕಾರಿನಲ್ಲೇ ಕೂತಿದ್ದರು.

ಬಾವಿಯ ಹತ್ತಿರ ಹೊಳೆದದ್ದು ಇಷ್ಟೇ… ವೈರು ಮೊದಲೇ ಸರಿ ಇತ್ತು. ಅವನೇ ಕೆಂಪು ಟೇಪು ಸುತ್ತಿ ಗುರುತು ಮಾಡಿದ್ದ. ಹಾಗಾದರೆ ಎಂಜಿನ್ ಓಡದೆ ಬ್ಯಾಟರಿಗೆ ಚಾರ್ಜು ಎಲ್ಲಿಂದ ಬಂತು? ಕಾರಿನಲ್ಲಿ ಇದ್ದದ್ದು ಭಾವ ಒಬ್ಬರೇ.

ಎದ್ದೆನೋ ಬಿದ್ದೆನೋ ಎಂದು ಓಡಿದ. ಶೆಡ್ಡಿನೊಳಗೆ ಟಿಕ್… ಟಿಕ್… ಆಂಪ್ ಮೀಟರಿನ ಮುಳ್ಳು ಎಡಗಡೆಯ ಕೊನೆಗೆ ಹೋಗಿ ಬಡಿಯುತ್ತಿತ್ತು.

"ಭಾವ, ಇಳೀರಿ."

"ಆಗ್ತಿಲ್ಲ ಕಣೋ…" ಪಿಸುಮಾತು. "ಚಳಿ…"

ರಟ್ಟೆ ಹಿಡಿದು ಎಳೆದ. ಕಡ್ಡಿಯಂಥ ಮನುಷ್ಯ, ಅಲುಗಲಿಲ್ಲ. ಬ್ಯಾಟರಿಯ ವೈರು ಕಿತ್ತ. ಬ್ಯಾಟರಿಯನ್ನೇ ಎತ್ತಿ ಹೊರಗಿಟ್ಟ. ಟಿಕ್… ಟಿಕ್… ವೋಲ್ಟ್ ಮೀಟರು ಏರುತ್ತಲೇ ಇತ್ತು. "ಅಕ್ಕಾ!" ಎಂದು ಕೂಗಿದ. ಅವಳು ಓಡಿ ಬಂದು ಗಂಡನ ಕೈ ಹಿಡಿದುಕೊಂಡಳು. ಎಷ್ಟೋ ಕಾರು ರಿಪೇರಿ ಮಾಡಿದವನು, ಸ್ಪ್ಯಾನರ್ ಹಿಡಿದು ಅಳುತ್ತಾ ನಿಂತ. ಬೇರೇನು ಮಾಡಬೇಕೆಂದು ಅವನಿಗೆ ತಿಳಿಯಲೇ ಇಲ್ಲ.

ಸದ್ದು ನಿಂತಿತು. ಮುಳ್ಳು ನಡುವಿಗೆ ಬಂತು. ಭಾವ ಹೋಗಿಬಿಟ್ಟಿದ್ದರು.

ಡಾಕ್ಟರು ಹಾರ್ಟ್ ಅಟ್ಯಾಕ್ ಎಂದರು. ಇರಲಿ. ಆ ಬ್ಯಾಟರಿ ಈಗಲೂ ಶೆಡ್ಡಿನ ಮೂಲೆಯಲ್ಲಿದೆ, ಯಾವುದಕ್ಕೂ ಜೋಡಿಸಿಲ್ಲ. ದೇವರಾಣೆ, ನಡೆದದ್ದನ್ನೇ ಹೇಳುತ್ತಿದ್ದೇನೆ… ಹೋದ ವಾರ ನಾನೇ ಮುಟ್ಟಿ ನೋಡಿದೆ. ಮನುಷ್ಯರ ಮೈಯಷ್ಟು ಬೆಚ್ಚಗಿತ್ತು.