ನೀಲಿ ಹೂವಿನ ಜೋಗುಳ

ಕಂಬಳಿ ಮೇಲೆ ಕೂರಬೇಡ ಅಂತ ಈಗ ಹೇಳ್ತೀಯಾ? ಬೂಟು ಬಿಚ್ಚಿ ಕೂತಾಯ್ತು ಕಣೇ! ನಾಲ್ಕು ತಿಂಗಳು ಈ ಉಣ್ಣೆನ ತುಳಿದು ತುಳಿದು ಹದ ಮಾಡಿದೋಳು ನಾನು. ನಾನು ಕೂತರೆ ನಿನ್ನ ತಂತಿ ಕಿತ್ತುಹೋಗುತ್ತಾ?

ಯಾಕೆ ನಗ್ತೀಯಾ ಬೆರ್ಮೆತ್? ಹಾಸುಗಂಬಳಿ ಹೊಟ್ಟೆ ಸೀಳಿ ತಂತಿ ತುಂಬೋರು ಇಡೀ ಬಿಷ್ಕೆಕ್‌ನಲ್ಲಿ ನಿನ್ನ ಬಿಟ್ಟು ಇನ್ಯಾರಿದಾರೆ? ಊರಲ್ಲಿ ಪಕ್ಕದ ಮನೆಯಾಕೆ ಕೇಳಿದ್ಲು, "ಬುರುಲಕ್ಕಾ, ನಿನ್ನ ತಂಗಿ ಮಗಳು ಏನ್ ಮಾಡ್ತಾಳೆ?" ಕಲಾವಿದೆ ಅಂದೆ. "ಚಿತ್ರ ಬರೀತಾಳಾ?" ಇಲ್ಲ. "ಗೊಂಬೆ ಮಾಡ್ತಾಳಾ?" ಇಲ್ಲ. ಕಂಬಳೀನ ಮಾತಾಡಿಸ್ತಾಳೆ ಅಂದೆ. ಆಮೇಲಿಂದ ಆಯಮ್ಮ ನನ್ನ ಪಕ್ಕ ಕೂರೋದನ್ನೇ ಬಿಟ್ಟಳು!

ಇರು, ಕಂಬಳಿ ಮೇಲಿನ ಈ ಕೆಂಪು ಕೊಂಬಿನ ಚಿತ್ತಾರ ಒತ್ತಿ ನೋಡ್ತೀನಿ... ಹಾ! ನಮ್ಮೂರ ಅಪಾಲ್ ಮುದುಕಿ ದನಿ! ಗಂಡನ್ನ ಬೈತಾ ಇದಾಳಲ್ಲೇ! ನಾಳೆ ಪ್ರದರ್ಶನಕ್ಕೆ ಬಂದೋರೆಲ್ಲ ಇದನ್ನ ಕೇಳ್ತಾರಾ? ...ಇರಲೇಬೇಕಾ? ಸರಿ ಬಿಡು, ಹೇಗೂ ಅವನಿಗೆ ಕಿವಿ ಕೇಳಿಸಲ್ಲ.

ನಡುವಿನ ನೀಲಿ ಹೂ ಮಾತ್ರ ಒತ್ತಲ್ಲ ನಾನು. ನಿಮ್ಮಮ್ಮನ ಜೋಗುಳ ಅಲ್ವಾ ಅದು? ಕ್ಯಾಸೆಟ್ ಹುಡುಕಿ ಕೊಟ್ಟೋಳೇ ನಾನು. ಎರಡು ವರ್ಷದ ಕೂಸು ನೀನು, ಅವಳು ಹೋದಾಗ... ಏನು? ಕಂಪ್ಯೂಟರಲ್ಲಿ ಹಾಕಿ ಗೊರಗೊರ ಎಲ್ಲ ತೆಗೆದಿದೀಯಾ? ಅಯ್ಯೋ, ದನಿಗೂ ಸ್ನಾನ ಮಾಡಿಸ್ತೀರಾ ನೀವು! ...ಈಗ ಬೇಡ ಕಣೇ, ನಾಳೆ ಎಲ್ಲರ ಜೊತೆ ಕೇಳ್ತೀನಿ. ಬೇಡ ಅಂದ್ರೆ... ಹಾಕೇಬಿಟ್ಟೆಯಲ್ಲೇ.

ಹೂಂ... ಎಷ್ಟು ಇಂಪು, ಅಲ್ವಾ? ...ಯಾವುದು? ಹಿಂದುಗಡೆ ಟಿಣಿಟಿಣಿ ಅಂದಿದ್ದಾ? ಹಸುವಿನ ಗಂಟೆ. ಆಗ ನಮ್ಮನೇಲಿ ಮೂರು ಹಸು ಇದ್ವು. ...ಮತ್ತೆ ಯಾಕೆ ಹಾಕ್ತೀಯಾ? ಹಸು ಅಂದ್ನಲ್ಲ! ...ಫೋನು ಯಾಕೆ ತೆಗೀತಿದೀಯಾ? ಎದುರಿಗೇ ಕೂತಿದೀನಿ, ನಂಗ್ಯಾಕೆ ಫೋನು ಮಾಡ್ತೀಯಾ... ಬೇಡ ಬೆರ್ಮೆತ್... ಬೇಡ...

...ಹೌದು. ಅದೇ ಸದ್ದು. ನನ್ನ ಜೇಬಿಂದಲೇ.

ಬೈದುಬಿಡು.

ಹಾಡಿದ್ದು ನಾನೇ ಕಣೇ. ಹೋದ ಚಳಿಗಾಲ, ಅಡುಗೆಮನೆ ಬಾಗಿಲು ಹಾಕ್ಕೊಂಡು, ಒಂದು ಹಳೇ ಕ್ಯಾಸೆಟ್ಟಿಗೆ. ಈ ಹಾಳು ಫೋನು ಆಗಲೇ ಬಡ್ಕೋಬೇಕಾ! ನೀನು ಪೆಟ್ಟಿಗೆ, ಬೀರು ಎಲ್ಲ ಜಾಲಾಡ್ತಿದ್ದೆ, ಅಮ್ಮನ ದನಿ ಒಂದು ತುಣುಕಾದರೂ ಸಿಗುತ್ತಾ ಅಂತ. ಇಲ್ಲ ಅನ್ನೋಕೆ ನಂಗೆ ಬಾಯಿ ಬರಲಿಲ್ಲ.

ನಿಮ್ಮಮ್ಮ ನುರ್ಜಮಾಲ್‌ಗೆ ಟೇಪ್ ರೆಕಾರ್ಡರ್ ಕಂಡ್ರೇನೇ ನಾಚಿಕೆ. ತುಟಿ ಬಿಚ್ಚುತಾ ಇರಲಿಲ್ಲ. ಒಂದು ಸಲ ಅವಳಿಗೆ ಗೊತ್ತಾಗದ ಹಾಗೆ ರೆಕಾರ್ಡ್ ಗುಂಡಿ ಒತ್ತಿಬಿಟ್ಟೆ. ಅರ್ಧ ಗಂಟೆ! ಒಂದು ಮಾತಿಲ್ಲ. ಬರೀ ಕತ್ತರಿ ಸದ್ದು... ಕರಕ್ ಕರಕ್, ಉಣ್ಣೆ ಕತ್ತರಿಸ್ತಿದ್ಲು. ನಡುವೆ ಒಂದೆರಡು ಸಲ ಮೂಗು ಎಳೀತಾಳೆ, ನೆಗಡಿ ಆಗಿತ್ತು. ಅದನ್ನ ಹೇಗೆ ಕೊಡ್ಲಿ ಹೇಳು, ತಗೋ, ಇದೇ ನಿಮ್ಮಮ್ಮ ಅಂತ?

...ಕೈ ಯಾಕೆ ಚಾಚ್ತೀಯಾ?

...ಇದೆ. ಆ ಕ್ಯಾಸೆಟ್ ಚೀಲದಲ್ಲೇ ಇದೆ. ಧೈರ್ಯ ಬಂದ್ರೆ ಕೊಡೋಣ ಅಂತ ಹೊರಡುವಾಗ ಹಾಕ್ಕೊಂಡೆ.

ತಗೋ, ಮೆಲ್ಲಗೆ... ಸ್ವಲ್ಪ ಜರುಗು. ನಾನೂ ಕೇಳಿಲ್ಲ ಕಣೇ, ಅವಳು ಹೋದಮೇಲೆ.