ತಪ್ಪನ್ನು ತಾವೇ ಸಾರಿದ ಸುಕನ್ಯಾ ಮೇಡಂ

ಸುಕನ್ಯಾ ಮೇಡಂ ಅವರ ತಾಯಿ ಕಾಳವ್ವನವರೇ, ಅವರ ತಮ್ಮ ಬಸವಕಿರಣ ಅವರೇ, ಜೀವರಸಾಯನಶಾಸ್ತ್ರ ವಿಭಾಗದ ಗೆಳೆಯರೇ, ವಿದ್ಯಾರ್ಥಿಗಳೇ — ಹುಬ್ಬಳ್ಳಿ, ಧಾರವಾಡ ಎರಡೂ ಕಡೆಯಿಂದ ಬಂದು ಕೂತಿರುವ ನಿಮಗೆಲ್ಲ ಶರಣು.

ನಾನು ಸಿದ್ದಲಿಂಗಪ್ಪ. ಡಾ. ಸುಕನ್ಯಾ ಮೇಡಂ ಜೊತೆ ಒಂದೇ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಹೋದ ಮಂಗಳವಾರ ಹೃದಯಾಘಾತವಾಗಿ ಅವರು ನಮ್ಮನ್ನು ಅಗಲಿದರು. ಅವರ ಪ್ರಶಸ್ತಿಗಳ ಪಟ್ಟಿಯನ್ನು ಆಗಲೇ ಓದಿದ್ದಾರೆ. ಆ ಪಟ್ಟಿಯಲ್ಲಿಲ್ಲದ ಒಂದು ಸಂಗತಿ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ — ಅದನ್ನೂ ಹೇಳಿಯೇ ಕೂರುತ್ತೇನೆ.

ನಿನ್ನ ಕೆಲಸ ಏನು ಎಂದು ಕಾಳವ್ವನವರು ಒಮ್ಮೆ ಮಗಳನ್ನು ಕೇಳಿದ್ದರು. ಮೇಡಂ ಹೇಳಿದರು: "ಯವ್ವಾ, ರಕ್ತದಾಗಿನ ಕಣ ತಮ್ಮ ಹೊತ್ತು ಮುಗಿದ ಕೂಡಲೇ ತಾವಾಗೇ ಸಾಯ್ತಾವ. ರಕ್ತದ ಕ್ಯಾನ್ಸರ್ ಬಂದ್ರ ಸಾಯೋದನ್ನ ಮರೀತಾವ. ಯಾಕ ಮರೀತಾವ ಅಂತ ಹುಡುಕಾಕತ್ತೇನಿ."

ಆ ಒಂದು 'ಯಾಕ'ಕ್ಕೆ — ಮೂವತ್ತು ವರ್ಷ.

ಒಂಬತ್ತು ವರ್ಷದ ಹಿಂದೆ, ಒಂದು ಗಿಡದ ಬೇರಿನ ಸಾರ ಈ ಕ್ಯಾನ್ಸರ್ ಕಣಗಳನ್ನು ಸಾಯಿಸುತ್ತದೆ ಎಂದು ಅವರ ಪ್ರಬಂಧ ಪ್ರಕಟವಾಯಿತು. ಪತ್ರಿಕೆಗಳಲ್ಲಿ ಫೋಟೊ ಬಂತು. ಇದೇ ಸಭಾಂಗಣದಲ್ಲಿ ಶಾಲು ಹೊದಿಸಿದೆವು. ಮರುವರ್ಷ ಸಂಶೋಧನಾ ವಿದ್ಯಾರ್ಥಿನಿ ಮಾನಸಿ ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಫಲಿತಾಂಶ ಬರಲಿಲ್ಲ. ಪರೀಕ್ಷೆಗೆ ಕಳಿಸಿ ನೋಡಿದರೆ — ನಾವು ಬೆಳೆಸುತ್ತಿದ್ದ ಕಣಗಳು ರಕ್ತದ ಕ್ಯಾನ್ಸರಿನವೇ ಅಲ್ಲ! ಬೇರೆ ಕಣಗಳು ಬೆರೆತು, ಅಸಲಿ ಕಣಗಳನ್ನು ಎಂದೋ ಮೂಲೆಗುಂಪು ಮಾಡಿಬಿಟ್ಟಿದ್ದವು.

ಮಾನಸಿ ಅಳುತ್ತಾ ನಿಂತಿದ್ದರು. ಮೇಡಂ ವರದಿ ಓದಿದರು. ಇನ್ನೊಮ್ಮೆ ಓದಿದರು. "ಅಳಬ್ಯಾಡವಾ. ನೀ ತಪ್ಪು ಮಾಡಿಲ್ಲ, ತಪ್ಪು ಹಿಡದೀ," ಎಂದರು.

ಆ ಪ್ರಬಂಧದಲ್ಲಿ ನನ್ನ ಹೆಸರೂ ಇತ್ತು. ನಾನು — ಹೌದು, ನಾನೇ — ಬಾಗಿಲು ಮುಚ್ಚಿ ಹೇಳಿದೆ: "ಮೇಡಂ, ಇದು ನಮ್ಮೊಳಗ ಇರಲಿ ಬಿಡ್ರಿ. ಯಾರಿಗೆ ಗೊತ್ತಾಗತೈತಿ?"

ಅವರು ದನಿ ಏರಿಸಲಿಲ್ಲ. "ಸಿದ್ದಲಿಂಗಪ್ಪನವರ, ನಾಳೆ ಇದನ್ನ ನಂಬಿ ಯಾರರೆ ಔಷಧ ಮಾಡಿ ಒಂದು ಕೂಸಿಗೆ ಕೊಡ್ತಾರ. ಆ ಕೂಸಿನ ತಾಯಿ ಮುಂದ ನಿಂತು ಇದೇ ಮಾತು ಹೇಳ್ತೀರೇನ್ರಿ?"

ನಾನು ಬಾಗಿಲು ತೆರೆದೆ.

ಅವರು ಅವತ್ತೇ ಪ್ರಬಂಧ ಹಿಂಪಡೆಯುವ ಪತ್ರ ಬರೆದರು. ತಪ್ಪು ತಮ್ಮದು, ಅದನ್ನು ಕಂಡುಹಿಡಿದವಳು ಮಾನಸಿ ಎಂದು ಬರೆದರು. ಯೋಜನೆ ನಿಂತಿತು. ವಿಭಾಗದ ಮುಖ್ಯಸ್ಥರ ಸ್ಥಾನ ಕೈತಪ್ಪಿತು. ಸಮ್ಮೇಳನಗಳಲ್ಲಿ ಊಟದ ಹೊತ್ತಿಗೆ ಅವರ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು.

ಆಮೇಲೆ? ಮೊದಲಿಂದ ಶುರು! ಹುಬ್ಬಳ್ಳಿಯ ಆಸ್ಪತ್ರೆಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ, ರೋಗಿಗಳ ಒಪ್ಪಿಗೆ ಪಡೆದು, ಅವರ ರಕ್ತವನ್ನು ಐಸ್ ಡಬ್ಬಿಯಲ್ಲಿ ತರುತ್ತಿದ್ದರು — ಹೀಗೆ, ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು. ಕಂಡಕ್ಟರ್ ಮಕಬೂಲಸಾಬ ಕೇಳಿದರಂತೆ: "ಡಬ್ಬ್ಯಾಗ ಏನೈತ್ರಿ ಅಕ್ಕಾರ?"

"ಸಾಯಾಕ ಒಲ್ಲೆ ಅನ್ನೋ ಕಣ ಅದಾವ್ರಿ."

"ಹಂಗಾರ ಮುಂದಿನ ಸೀಟಿಗೆ ಬರ್ರಿ. ಹಿಂದ ಭಾಳ ಕುಲುಕತೈತಿ."

ಏಳು ವರ್ಷ ಹೀಗೇ. ಆ ಬೇರಿನ ಸಾರದಿಂದ ಉಪಯೋಗವಿಲ್ಲ ಎಂದು ಖಚಿತವಾಯಿತು. ಆದರೆ ಅದೇ ಹುಡುಕಾಟದಲ್ಲಿ, ಕೆಲವು ರೋಗಿಗಳ ಕ್ಯಾನ್ಸರ್ ಕಣಗಳಲ್ಲಿ, ಆ ಕಣಗಳ ಸಾವನ್ನೇ ತಡೆದು ನಿಲ್ಲಿಸುವ ಒಂದು ಪ್ರೋಟೀನು ಸಿಕ್ಕಿತು. ಮೇಡಂ ಅವಸರ ಮಾಡಲಿಲ್ಲ. ಬೇರೆ ಊರಿನ ಮೂರು ಪ್ರಯೋಗಾಲಯಗಳಿಗೆ ಎಲ್ಲವನ್ನೂ ಕಳಿಸಿ, "ನಮ್ಮ ತಪ್ಪು ಹುಡುಕಿ ಕೊಡ್ರಿ" ಎಂದು ಕೇಳಿಕೊಂಡರು. ಎರಡು ಕಡೆಯಿಂದ ಸರಿ ಇದೆ ಎಂಬ ಉತ್ತರ ಬಂದಿತ್ತು. ಮೂರನೆಯದು ಬುಧವಾರ ಬಂತು — ಅವರು ಹೋದ ಮರುದಿನ. ಅದೂ ಸರಿ ಇದೆ ಎಂದಿದೆ.

ಇದು ಔಷಧವಲ್ಲ. ಔಷಧ ಸಿಕ್ಕಿತು ಎಂದು ಯಾರೂ ಪತ್ರಿಕೆಯವರಿಗೆ ಹೇಳಬೇಡಿ. ಔಷಧಕ್ಕೆ ಹೋಗುವ ದಾರಿ ಇದು. ಇನ್ನೂ ದೂರ ಇದೆ. ನಾವು ನಡೆಯುತ್ತೇವೆ. ನಾಳೆಯಿಂದ ಈ ತಂಡವನ್ನು ಡಾ. ಮಾನಸಿ ನಡೆಸುತ್ತಾರೆ. ನಾನು ಅವರ ಕೈಕೆಳಗೆ ಕೆಲಸ ಮಾಡುತ್ತೇನೆ — ನಾನೇ ಕೇಳಿ ಪಡೆದದ್ದು.

ಈಗ ಎಲ್ಲರೂ ಎದ್ದು ನಿಲ್ಲೋಣ. ಕಾಳವ್ವನವರೇ, ನೀವು ಕೂತೇ ಇರಿ, ನಿಮ್ಮ ಸುತ್ತ ನಾವು ನಿಲ್ಲುತ್ತೇವೆ. ಎರಡು ನಿಮಿಷ — ಮಾತಿಲ್ಲದೆ, ಮೇಡಂಗಾಗಿ.